ಹಡಗು ಕಾಯುತ್ತೆ ಎಂದ ಕ್ಯಾಪ್ಟನ್

ಜನ್ಮದಲ್ಲಿ ಒಂದೇ ಒಂದು ಸಲ ಹಡಗು ಹತ್ತಿದ ಮನುಷ್ಯ, ಅದೂ ಬಿಟ್ಟಿಯಾಗಿ, ಉಳಿದ ಆಯುಷ್ಯವನ್ನೆಲ್ಲ ಹಡಗಿನ ಮೇಲೆ ಭಾಷಣ ಬಿಗಿಯುತ್ತಾ ಕಳೆಯಬಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಸಿಸ್ಟರಮ್ಮನ ಗಂಡನನ್ನು ನೋಡಬೇಕು. ಅವರದು ಟೈಲ್ಸು, ಕಮೋಡುಗಳ ಅಂಗಡಿ. ಒಂದು ವರ್ಷ ಕಮೋಡುಗಳನ್ನು ಚೆನ್ನಾಗಿ ಮಾರಿದ ಡೀಲರುಗಳನ್ನೆಲ್ಲ ಕಂಪನಿಯವರು ಒಟ್ಟುಮಾಡಿ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬಂದರು. ಹೋಗುವಾಗ ಅಂಗಡಿಯವರಾಗಿದ್ದವರು ಬರುವಾಗ ಕ್ಯಾಪ್ಟನ್ ಆಗಿದ್ದರು. ಬೀದಿಯವರು ಗೇಲಿಗೆ ಇಟ್ಟ ಹೆಸರು ಅದು. ಅವರು ಬಿರುದು ಅಂದುಕೊಂಡರು. ನಲ್ಲಿ ಕೇಳಲು ಬಂದ ಗಿರಾಕಿಗೂ ಹಡಗಿನ ಬಚ್ಚಲಲ್ಲಿ ನಲ್ಲಿ ಹೇಗಿರುತ್ತದೆ, ಫ್ಲಷ್ ಒತ್ತಿದರೆ ಅದು ಹೇಗೆ ಗಕ್ಕನೆ ಎಳೆದುಕೊಳ್ಳುತ್ತದೆ ಎಂಬುದನ್ನೆಲ್ಲ ಕೇಳಿಸಿಕೊಳ್ಳದೆ ಅಂಗಡಿಯಿಂದ ಬಿಡುಗಡೆ ಇರಲಿಲ್ಲ.

ಸಿಸ್ಟರಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ಆಕೆಯ ನಾಲಿಗೆಗೆ ವಾರ್ಡಿನಲ್ಲಿ ಡಾಕ್ಟರುಗಳೂ ಹೆದರುತ್ತಿದ್ದರು. ಸೂಜಿ ಚುಚ್ಚುವ ಮೊದಲೇ ಮಾತು ಚುಚ್ಚುತ್ತಿತ್ತು ಎಂದು ಹಳೆಯ ರೋಗಿಗಳು ಈಗಲೂ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಆ ನಾಲಿಗೆಗೆ ಉಳಿದ ಒಬ್ಬನೇ ರೋಗಿ ಗಂಡ. ಕ್ಯಾಪ್ಟನ್ ಬಾಯಿ ತೆರೆದರೆ ಸಾಕು, ಆಕೆ ಪಕ್ಕದಿಂದ ಒಂದು ಮಾತು ಎಸೆಯುವಳು. ಮನೆಗೆ ಬಂದವರು ಬಿದ್ದು ಬಿದ್ದು ನಗುವರು. ಕ್ಯಾಪ್ಟನ್ನೂ ಅವರ ಜೊತೆ ಸೇರಿಕೊಂಡು ನಗುವರು. ಅವರಿಗೂ ಇದು ಇಷ್ಟವೇ ಎಂದು ಆಕೆ ತಿಳಿದಿದ್ದಳು. ಇಷ್ಟವಿಲ್ಲದೆ ಯಾರಾದರೂ ಅಷ್ಟು ವರ್ಷ ನಗುತ್ತಾರೆಯೇ?

ಅಂಥ ಗಂಡನ ಜೊತೆ ಆಕೆ ಹಡಗು ಹತ್ತಿದ್ದು ಮಗಳ ಸಲುವಾಗಿ. ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಮನೆಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್. ನೋಡಲು ಲಕ್ಷಣವಾಗಿದ್ದ, ಮಾತು ಚುರುಕು. ಅವನ ಅಪ್ಪ ಕಣ್ಣಿನ ಡಾಕ್ಟರು. ಆದರೆ ಆ ಮನೆಯಲ್ಲಿ ಹೂಂ ಅನ್ನಬೇಕಾದವರು ಅವನ ಅಮ್ಮ, ಮತ್ತು ಅವರು ಅನ್ನುತ್ತಿರಲಿಲ್ಲ. ಉಹೂಂ ಎಂದೂ ಅನ್ನುತ್ತಿರಲಿಲ್ಲ. "ಎರಡು ಮನೆಯವರು ನಾಲ್ಕು ದಿನ ಒಟ್ಟಿಗಿದ್ದು ನೋಡೋಣ, ಆಮೇಲೆ ಹೇಳ್ತೀವಿ" ಎಂದು ತೂಗುಹಾಕಿಟ್ಟಿದ್ದರು. ಮಗಳು ಊಟ ಬಿಟ್ಟಿರಲಿಲ್ಲ, ಅಳುತ್ತಲೂ ಇರಲಿಲ್ಲ. ಆದರೆ ಫೋನ್ ಸದ್ದಾದಾಗಲೆಲ್ಲ ಅವಳ ಮುಖ ಅರಳಿ ಬಾಡುವುದನ್ನು ಸಿಸ್ಟರಮ್ಮ ನೋಡುತ್ತಿದ್ದಳು. ನಾಲ್ಕು ದಿನ ಒಟ್ಟಿಗಿರುವ ಮಾತು ಕಿವಿಗೆ ಬಿದ್ದದ್ದೇ ತಡ ಕ್ಯಾಪ್ಟನ್ ಕುರ್ಚಿಯಿಂದ ಎದ್ದರು. "ಹಾಗಾದ್ರೆ ಹಡಗಲ್ಲೇ ಹೋಗೋಣ! ನಾನಿದೀನಲ್ಲ!"

ಅವರು ಇದ್ದಾರೆ ಎನ್ನುವುದೇ ಸಿಸ್ಟರಮ್ಮನ ತಲೆನೋವಾಗಿತ್ತು. ಬೀಗಿತ್ತಿ ಹೂಂ ಅನ್ನುವವರೆಗೆ ತನ್ನ ಬಾಯಿಗೆ ಬೀಗ, ಗಂಡನ ಬಾಯಿಗೆ ಎರಡು ಬೀಗ ಎಂದು ಆಕೆ ನಿಶ್ಚಯ ಮಾಡಿಕೊಂಡೇ ಪೆಟ್ಟಿಗೆ ಕಟ್ಟಿದಳು.

ಬಂದರಿನಲ್ಲಿ ಸಾಲು ನಿಂತಾಗಲೇ ಕ್ಯಾಪ್ಟನ್ ಶುರುಮಾಡಿದರು. "ನೋಡಿ ಮೇಡಂ, ಚಿಕ್ಕ ಹಡಗು ಆದ್ರೆ ಹೊಟ್ಟೆ ತೊಳಸತ್ತೆ. ದೊಡ್ಡದಾದ್ರೆ ಅದು ಹಡಗಲ್ಲ, ಸಂತೆ. ಇದು ಮಧ್ಯಮ ಗಾತ್ರದ್ದು. ಎಲ್ಲಾ ಇರತ್ತೆ, ಹದವಾಗಿರತ್ತೆ. ಸಣ್ಣ ಸಣ್ಣ ಬಂದರಿಗೂ ನುಗ್ಗತ್ತೆ."

ಮಧ್ಯಮ ಗಾತ್ರ ಎಂದರೇನು ಎಂಬುದು ಸಿಸ್ಟರಮ್ಮನಿಗೆ ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು: ಎಲ್ಲವೂ ಇದೆ, ಯಾವುದೂ ಪೂರ್ತಿ ಇಲ್ಲ. ಈಜುಕೊಳ ಇತ್ತು, ಅದರಲ್ಲಿ ಇಬ್ಬರು ಇಳಿದರೆ ಮೂರನೆಯವನು ಕ್ಷಮೆ ಕೇಳಿಕೊಂಡು ಇಳಿಯಬೇಕು. ನಾಟಕಶಾಲೆ ಇತ್ತು, ಕಂಬದ ಹಿಂದೆ ಕೂತವರಿಗೆ ಹಾಡುವವಳ ಒಂದು ಕೈ ಮಾತ್ರ ಕಾಣುತ್ತಿತ್ತು. ಅವರ ರೂಮಿನಲ್ಲಿ ಕಪಾಟಿನ ಬಾಗಿಲು ತೆಗೆಯಬೇಕಾದರೆ ಒಬ್ಬರು ಮಂಚ ಹತ್ತಬೇಕಿತ್ತು. ಕಿಟಕಿ ಇರಬೇಕಾದ ಜಾಗದಲ್ಲಿ ಪರದೆ ಇತ್ತು, ಪರದೆ ಸರಿಸಿದರೆ ಗೋಡೆ. ಮಧ್ಯಾಹ್ನ ರೂಮು ಗುಡಿಸುವವನು ಟವೆಲನ್ನು ಮಡಚಿ ತಿರುಚಿ ಹಂಸ ಮಾಡಿ ಮಂಚದ ಮೇಲೆ ಕೂರಿಸಿ ಹೋಗುತ್ತಿದ್ದ. ಒರೆಸಿಕೊಳ್ಳಲು ಟವೆಲು ಬೇಕೆಂದರೆ ಹಂಸದ ಕತ್ತು ಬಿಚ್ಚಬೇಕು. ಕ್ಯಾಪ್ಟನ್ ಬಿಚ್ಚಲು ಬಿಡದೆ ಮೈ ಒದ್ದೆಯಲ್ಲೇ ಅದರ ಫೋಟೋ ತೆಗೆಯುತ್ತಾ ನಿಂತರು.

ಇನ್ನು ಊಟದ ಹಾಲ್. ಬಾಗಿಲಲ್ಲಿ ಒಬ್ಬ ಕೈಗೆ ಸ್ಯಾನಿಟೈಸರ್ ಹಾಕಲು ಬಾಟಲಿ ಹಿಡಿದು ನಗುತ್ತಾ ನಿಂತಿರುತ್ತಿದ್ದ. ಜನ ಅವನನ್ನು ತಪ್ಪಿಸಿಕೊಂಡು ಒಳಗೆ ನುಗ್ಗುತ್ತಿದ್ದರು. ಆಮೇಲೆ ಅದೇ ಕೈಯಲ್ಲಿ ಬ್ರೆಡ್ ಹಿಸುಕಿ ನೋಡಿ ವಾಪಸು ಇಡುತ್ತಿದ್ದರು. ಮನೆಯಲ್ಲಿ ಸಕ್ಕರೆ ಕಾಯಿಲೆ ಎಂದು ಟೀಗೆ ಚಮಚ ಸಕ್ಕರೆ ಹಾಕಿಕೊಳ್ಳದವರು ಇಲ್ಲಿ ಕೇಕಿನ ಮುಂದೆ ಎರಡು ತಟ್ಟೆ ಹಿಡಿದು ನಿಂತಿದ್ದರು. ತಿನ್ನದಿದ್ದರೆ ಕೊಟ್ಟ ದುಡ್ಡು ಸಮುದ್ರಕ್ಕೆ ಬಿದ್ದಂತೆ ಎನ್ನುವ ಆತುರ ಒಬ್ಬೊಬ್ಬರ ಮುಖದಲ್ಲೂ ಇತ್ತು. ಇಷ್ಟು ಜನರಿಗೆ ಒಟ್ಟಿಗೆ ಭೇದಿ ಹತ್ತಿಕೊಂಡರೆ ಈ ಮಧ್ಯಮ ಗಾತ್ರದ ಹಡಗಿನಲ್ಲಿ ಎಷ್ಟು ಕಮೋಡುಗಳಿವೆ ಎಂದು ಆಕೆ ಗಂಡನನ್ನು ಕೇಳಿದಳು. ಕ್ಯಾಪ್ಟನ್ ಗಂಭೀರವಾಗಿ ಲೆಕ್ಕ ಹಾಕತೊಡಗಿದರು.

ಬೀಗಿತ್ತಿ ಇನ್ನೂ ಬೀಗಿತ್ತಿಯಾಗಿರಲಿಲ್ಲ. ಬೀಗುವುದು ಮಾತ್ರ ಆಗಲೇ ಶುರುವಾಗಿತ್ತು. ಅಪಾಯ ಬಂದರೆ ಏನು ಮಾಡಬೇಕೆಂದು ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ತೇಲುವ ಜಾಕೆಟ್ ಹಾಕಿಸಿದಾಗ, "ಈ ಬಣ್ಣದಲ್ಲಿ ಬದುಕಿ ಉಳಿಯೋದಕ್ಕಿಂತ..." ಎಂದು ಮುಖ ಸಿಂಡರಿಸಿದರು. ಸೂಪು ಬಂದರೆ ತಣ್ಣಗಿದೆ ಎಂದು ವಾಪಸು, ಬಿಸಿಯಾಗಿ ಬಂದರೆ ನಾಲಿಗೆ ಸುಟ್ಟಿತೆಂದು ವಾಪಸು. ಅವರ ಗಂಡ ಕಣ್ಣಿನ ಡಾಕ್ಟರು ಪಾಪ, ಹಡಗು ಹತ್ತಿದಾಗಿನಿಂದ ಕಣ್ಣು ಬಿಟ್ಟಿದ್ದೇ ಅಪರೂಪ. ಕೂತಲ್ಲೆಲ್ಲ ತೂಕಡಿಸುತ್ತಿದ್ದರು. ಇಂಥ ಹೆಂಡತಿಯ ಜೊತೆ ಬಾಳಲು ಅವರು ಕಂಡುಕೊಂಡ ಔಷಧ ಅದೇ ಇರಬೇಕು ಎಂದು ಸಿಸ್ಟರಮ್ಮ ಅಂದುಕೊಂಡಳು, ಆದರೆ ಬಾಯಿ ಬಿಡಲಿಲ್ಲ.

ಸಂಜೆಯ ಊಟಕ್ಕೆ ಈ ಹಡಗಿನಲ್ಲಿ ಟೇಬಲ್ ಗೊತ್ತುಮಾಡಿಟ್ಟಿರುತ್ತಾರೆ. ದಿನವೂ ಅದೇ ಟೇಬಲ್, ಅದೇ ಕುರ್ಚಿ, ಎದುರಿಗೆ ಅದೇ ಮುಖ. ಸಿಸ್ಟರಮ್ಮನ ಎದುರಿಗೆ ಬೀಗಿತ್ತಿಯ ಮುಖ. ಮೊದಲ ಸಂಜೆ ಕ್ಯಾಪ್ಟನ್ ತಮ್ಮ ಡೀಲರುಗಳ ಪ್ರವಾಸ ಬಿಚ್ಚಿದರು. ಅಲ್ಲಿ ತಿಂದದ್ದು, ಕುಣಿದದ್ದು, ಕಂಪನಿಯ ಮ್ಯಾನೇಜರ್ ತಮ್ಮ ಹೆಗಲ ಮೇಲೆ ಕೈ ಹಾಕಿದ್ದು. ಬೀಗಿತ್ತಿ ಚಾಕು ಫೋರ್ಕುಗಳನ್ನು ಸರಿಸುತ್ತಾ, "ಕಮೋಡಿನಲ್ಲಿ ಅಷ್ಟೊಂದು ಮರ್ಯಾದೆ ಇದ್ಯಾ?" ಎಂದರು. ಮಗಳು ತಲೆ ತಗ್ಗಿಸಿದಳು. ಈಗ ಕ್ಯಾಪ್ಟನ್ ಬಿಡದೆ ಇನ್ನೊಂದು ವಿವರಣೆ ಕೊಟ್ಟರೆ ಮದುವೆ ಮುರಿದಂತೆಯೇ ಎಂದು ಸಿಸ್ಟರಮ್ಮನಿಗೆ ಅನ್ನಿಸಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಮರ್ಯಾದೆ ಕಮೋಡಿಗೆ, ಮೇಡಂ. ಇವರದು ಬರೀ ಫ್ಲಷ್ ಸದ್ದು."

ಬೀಗಿತ್ತಿ ನಕ್ಕರು. ಹಡಗು ಹತ್ತಿದ ಮೇಲೆ ಮೊದಲ ಸಲ, ಹಲ್ಲು ಕಾಣುವಂತೆ ನಕ್ಕರು. ಹುಡುಗ ಟೇಬಲ್ ತಟ್ಟಿದ. "ಆಂಟಿ, ಸಖತ್!" ಎಂದ. ಕ್ಯಾಪ್ಟನ್ನೂ ನಕ್ಕರು. ಡಾಕ್ಟರು ಸದ್ದಿಗೆ ಎಚ್ಚರವಾಗಿ, ಏನೆಂದು ತಿಳಿಯದೆ ತಾವೂ ನಕ್ಕರು.

ಸಿಸ್ಟರಮ್ಮನಿಗೆ ದಾರಿ ಸಿಕ್ಕಿತು. ಬೀಗಿತ್ತಿಯ ಮನಸ್ಸು ಗೆಲ್ಲಲು ಗಂಡನನ್ನು ಬಳಸಿದರಾಯಿತು. ಹೇಗೂ ಕೈಗೆಟಕುವಂತೆ ಪಕ್ಕದಲ್ಲೇ ಕೂತಿರುತ್ತಾರೆ. ಅಂದಿನಿಂದ ಕ್ಯಾಪ್ಟನ್ ಬಾಯಿ ತೆರೆಯಲಿ ಎಂದೇ ಆಕೆ ಕಾಯುತ್ತಿದ್ದಳು. ಅವರು ಎದೆಯುಬ್ಬಿಸಿ ಗಾಳಿಯ ದಿಕ್ಕು ಹೇಳಿದರೆ, "ಗಾಳಿ ವಿಷಯ ಇವರಿಗೆ ಚೆನ್ನಾಗಿ ಗೊತ್ತು, ತಲೆ ತುಂಬಾ ಅದೇ ಇರೋದು" ಎನ್ನುವಳು. ಬೀಗಿತ್ತಿ ಆಕೆಯ ತೋಳು ಹಿಡಿದುಕೊಂಡು ನಡೆದಾಡತೊಡಗಿದರು. "ನೀವೊಬ್ರು ಇಲ್ದಿದ್ರೆ ಈ ಹಡಗಲ್ಲಿ ನನಗೆ ಹುಚ್ಚೇ ಹಿಡೀತಿತ್ತು, ಸಿಸ್ಟರ್" ಎಂದರು. ಹೂಂ ಅನ್ನುವ ದಿನ ದೂರವಿಲ್ಲ ಎಂದು ಸಿಸ್ಟರಮ್ಮನಿಗೆ ಖಾತ್ರಿಯಾಯಿತು. ಮಗಳು ಮಾತ್ರ ಊಟದ ಟೇಬಲಿನಲ್ಲಿ ದಿನೇದಿನೇ ಹೆಚ್ಚು ಮೌನವಾಗುತ್ತಿದ್ದಳು. ಮದುವೆಯ ಚಿಂತೆ ಇರಬೇಕು ಎಂದು ಆಕೆ ಅದನ್ನು ಅಷ್ಟಕ್ಕೇ ಬಿಟ್ಟಳು.

ಮೂರನೆಯ ದಿನ ಹಡಗು ಒಂದು ಸಣ್ಣ ಬಂದರಿಗೆ ಬಂತು. ಒಂದು ಬೀದಿ, ಆ ಬೀದಿಯ ತುಂಬ ಹಡಗಿನಿಂದ ಇಳಿಯುವವರಿಗೆಂದೇ ತೆರೆದ ಅಂಗಡಿಗಳು. ಎಲ್ಲ ಅಂಗಡಿಯಲ್ಲೂ ಅದೇ ಶಂಖ, ಅದೇ ಕೀ ಚೈನು, ಅದೇ ಟೋಪಿ. ಮಗಳು ತಲೆನೋವೆಂದು ತನ್ನ ರೂಮಿನಲ್ಲೇ ಉಳಿದಿದ್ದಳು. ಉಳಿದವರು ಬೀದಿಯ ಕೊನೆಯವರೆಗೆ ನಡೆದು, ಕಾಫಿ ಕುಡಿದು, ಬಿಸಿಲಿಗೆ ಬೈದುಕೊಂಡು ವಾಪಸು ಬಂದರು. ಹಡಗಿನ ಏಣಿಯ ಬುಡಕ್ಕೆ ಬಂದಾಗ ಬೀಗಿತ್ತಿ ತಲೆ ಮುಟ್ಟಿ ನೋಡಿಕೊಂಡರು.

"ಅಯ್ಯೋ, ನನ್ನ ಕೂಲಿಂಗ್ ಗ್ಲಾಸು! ಆ ಕಾಫಿ ಅಂಗಡೀಲೇ ಬಿಟ್ಬಿಟ್ಟೆ!"

ಹುಡುಗ ಕೈಗಡಿಯಾರ ನೋಡಿದ. "ಅಮ್ಮ, ಹೋಗ್ಲಿ ಬಿಡು. ಹಡಗು ಹೊರಡತ್ತೆ."

"ಹೊರಡತ್ತಂತೆ!" ಎಂದು ಕ್ಯಾಪ್ಟನ್ ನಕ್ಕರು. "ನಮ್ಮನ್ನ ಬಿಟ್ಟು ಹಡಗು ಹೋಗತ್ತೇನಪ್ಪಾ? ಹಡಗು ಕಾಯತ್ತೆ. ನಾನು ಕಣ್ಣಾರೆ ನೋಡಿದೀನಿ. ಹೋದ ಸಲ ನಾವೆಲ್ಲ ಬೀದೀಲಿ ಸಾಮಾನು ಕೊಳ್ತಾ ನಿಂತಿದ್ವಿ, ಹಡಗು ನಾವು ಬರೋ ತನಕ ಅಲ್ಲಾಡ್ಲಿಲ್ಲ. ಇರಿ, ನಾನೇ ಹೋಗಿ ತರ್ತೀನಿ."

ಅದು ಸುಳ್ಳಲ್ಲ. ಆದರೆ ಹೋದ ಸಲ ಹಡಗನ್ನು ಪೂರ್ತಿಯಾಗಿ ಬಾಡಿಗೆಗೆ ಹಿಡಿದದ್ದು ಕಮೋಡಿನ ಕಂಪನಿ, ಹತ್ತಿದವರೆಲ್ಲ ಡೀಲರುಗಳೇ. ಅವರನ್ನು ಬಿಟ್ಟು ಹೋಗುವ ಧೈರ್ಯ ಯಾರಿಗಿತ್ತು? ಮದುವೆಯ ದಿಬ್ಬಣದ ಬಸ್ಸು ಕಾಯುತ್ತದೆಂದು ಊರಿನ ಬಸ್ಸೂ ಕಾಯುತ್ತದೆ ಎಂದು ನಂಬಿದವರ ಹಾಗೆ ಕ್ಯಾಪ್ಟನ್ ನಂಬಿದ್ದರು. ಸಿಸ್ಟರಮ್ಮನಿಗೆ ಇದು ಗೊತ್ತಿತ್ತು. ಆ ಪ್ರವಾಸದ ಕಥೆಯನ್ನು ಎಷ್ಟು ಸಲ ಕೇಳಿದ್ದಳೆಂದರೆ, ಯಾರು ದುಡ್ಡು ಕೊಟ್ಟರು, ಯಾರು ಯಾಕೆ ಕಾದರು ಎಂಬುದೆಲ್ಲ ಗಂಡನಿಗಿಂತ ಆಕೆಗೇ ಚೆನ್ನಾಗಿ ತಿಳಿದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗಿತ್ತಿ ಆಸೆಯಿಂದ ಕ್ಯಾಪ್ಟನ್ ಕಡೆ ನೋಡುತ್ತಿದ್ದರು.

"ಹೋಗಿ ಬರ್ಲಿ ಬಿಡಿ ಮೇಡಂ" ಎಂದಳು. "ಅಷ್ಟು ಹೊತ್ತು ನಮ್ಮ ಕಿವಿಗೆ ರಜಾ."

ಬೀಗಿತ್ತಿ ಕಿಸಕ್ಕನೆ ನಕ್ಕರು. ಕ್ಯಾಪ್ಟನ್ನೂ ನಕ್ಕು, ಬೇಗ ಬರುತ್ತೇನೆಂದು ಏಣಿಯ ಕಾವಲುಗಾರನಿಗೆ ಕೈಸನ್ನೆ ಮಾಡಿ, ತಿರುಗಿ ಬೀದಿಯ ಕಡೆ ಹೊರಟರು.

ಹಡಗು ಹೊರಡುವ ಹೊತ್ತಿಗೆ ಮೇಲಿನ ಅಂತಸ್ತಿನಲ್ಲಿ ಒಂದು ಮೋಜು ನಡೆಯುತ್ತದೆ. ಕ್ಯಾಪ್ಟನ್ನಿನ ಭಾಷಣಗಳಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ, ಯಾಕೆಂದರೆ ಡೀಲರುಗಳ ಹಡಗಿನಲ್ಲಿ ಅದಕ್ಕೆ ಆಸ್ಪದವೇ ಇರಲಿಲ್ಲ. ಸಮಯಕ್ಕೆ ಬಂದವರೆಲ್ಲ ಕೈಯಲ್ಲಿ ಜ್ಯೂಸೋ ಬಿಯರೋ ಹಿಡಿದು ಕಟಕಟೆಗೆ ಒರಗಿ ನಿಲ್ಲುತ್ತಾರೆ, ತಡವಾಗಿ ಬರುವವರು ಹಡಗು ಕಟ್ಟುವ ಧಕ್ಕೆಯುದ್ದಕ್ಕೂ ಓಡಿಬರುವುದನ್ನು ನೋಡಲು. ಓಡುವವರು ಕಂಡರೆ ಸಿಳ್ಳೆ, ಚಪ್ಪಾಳೆ, ಕೇಕೆ. ಎಂಥ ಸಭ್ಯಸ್ಥರೂ ಅಲ್ಲಿ ಮರ್ಯಾದೆಯನ್ನು ಪಕ್ಕಕ್ಕಿಡುತ್ತಾರೆ. ತಾವು ಸಮಯಕ್ಕೆ ಬಂದದ್ದೇ ಒಂದು ದೊಡ್ಡ ಸಾಧನೆ ಎಂಬಂತೆ ಮುಖ ಮಾಡಿಕೊಂಡು ಹಲ್ಲು ಕಿರಿಯುತ್ತಾರೆ.

ಬೀಗಿತ್ತಿ ಮೊದಲೇ ಒಳ್ಳೆಯ ಜಾಗ ಹಿಡಿದು, ಸಿಸ್ಟರಮ್ಮನನ್ನು ಪಕ್ಕಕ್ಕೆ ಎಳೆದುಕೊಂಡರು. ಹುಡುಗ ಮೊಬೈಲ್ ಹಿಡಿದು ಸಜ್ಜಾದ. ಕೆಳಗೆ ಗಂಡ ಹೆಂಡತಿ ಇಬ್ಬರು ಚೀಲ ಹೊತ್ತು ಓಡಿಬಂದರು. ಹೆಂಡತಿ ಮುಂದೆ, ಗಂಡ ಹಿಂದೆ. ಜನ ಕೂಗಿ ಕೂಗಿ ಅವರನ್ನು ಏಣಿ ಹತ್ತಿಸಿದರು. ಕ್ಯಾಪ್ಟನ್ ಅಷ್ಟರಲ್ಲಿ ಬಂದು ಕೇಕಿನ ಮುಂದೆ ನಿಂತಿರಬೇಕು ಎಂದು ಸಿಸ್ಟರಮ್ಮ ಅಂದುಕೊಂಡಿದ್ದಳು. ಮೈಕಿನಲ್ಲಿ ಯಾರನ್ನೋ ಕರೆಯುತ್ತಿದ್ದರು. ಪಕ್ಕದಲ್ಲಿ ಬಾರಿಸುತ್ತಿದ್ದ ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಏಣಿ ಎಳೆದರು. ಹಗ್ಗ ಬಿಚ್ಚಿದರು.

ಆಗ ಗೋದಾಮಿನ ಹಿಂದಿನಿಂದ ಇನ್ನೊಬ್ಬ ಹೊರಬಿದ್ದ. ಒಬ್ಬನೇ. ಎದುರು ಬಿಸಿಲಿಗೆ ಮುಖ ಕಾಣುತ್ತಿರಲಿಲ್ಲ. ಷರ್ಟು ಪ್ಯಾಂಟಿನಿಂದ ಈಚೆ ಬಂದಿತ್ತು, ಒಂದು ಕೈ ಮೇಲೆತ್ತಿಕೊಂಡು ಓಡುತ್ತಿದ್ದ. ಓಟವೆಂದರೆ ಓಟವೂ ಅಲ್ಲ, ನಡಿಗೆಯೂ ಅಲ್ಲ. ಜನ ಇನ್ನೂ ಅವನನ್ನು ಗಮನಿಸಿರಲಿಲ್ಲ. ಸಿಸ್ಟರಮ್ಮ ಗಮನಿಸಿದಳು, ಮತ್ತು ಬಾಯಿ ತಾನಾಗಿ ತೆರೆದುಕೊಂಡಿತು.

"ಅಲ್ನೋಡಿ ಮೇಡಂ! ಹೊಟ್ಟೆ ಆಗ್ಲೇ ಬಂದ್ಬಿಟ್ಟಿದೆ, ಆಸಾಮಿ ಇನ್ನೂ ಹಿಂದೆ ಬರ್ತಾ ಇದಾನೆ! ಓಡಪ್ಪಾ, ಓಡು!"

ಕಟಕಟೆಯುದ್ದಕ್ಕೂ ನಗು ಹಬ್ಬಿತು. ಓಡು ಓಡು ಎಂದು ನೂರು ಗಂಟಲು ಕೂಗಿದವು. ಬೀಗಿತ್ತಿ ಹೊಟ್ಟೆ ಹಿಡಿದುಕೊಂಡು ಸಿಸ್ಟರಮ್ಮನ ಹೆಗಲಿಗೆ ಒರಗಿದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ ಸಿಸ್ಟರಮ್ಮನಿಗೆ ಹಿಂದಿನಿಂದ ಮಗಳ ದನಿ ಕೇಳಿಸಿತು. ಅವಳು ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದಳು.

"ಅಮ್ಮ! ಅಪ್ಪ ಅದು!"

ಸಿಸ್ಟರಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಹಡಗು ಆಗಲೇ ಧಕ್ಕೆಯಿಂದ ಬಿಟ್ಟುಕೊಂಡಿತ್ತು. ನಡುವೆ ಕೊಳಕು ನೀರು ಅಗಲವಾಗುತ್ತಿತ್ತು. "ನಿಲ್ಲಿಸಿ! ನಮ್ಮವರು!" ಎಂದು ಆಕೆ ಕೂಗಿದಳು. ಎಲ್ಲರೂ ಕೂಗುತ್ತಿದ್ದಾಗ ಇದೊಂದು ಕೂಗು ಯಾರಿಗೆ ಲೆಕ್ಕ? ಆಕೆ ಹುಡುಗನ ತೋಳು ಹಿಡಿದು ಅಲುಗಿಸಿದಳು.

"ಒಂದ್ನಿಮಿಷ ಆಂಟಿ, ಅಲ್ಲಾಡಿಸ್ಬೇಡಿ" ಎಂದ ಹುಡುಗ, ಮೊಬೈಲಿನಿಂದ ಕಣ್ಣು ತೆಗೆಯದೆ. "ಅಂಕಲ್ಲೇ ಅಂತ ಗೊತ್ತಾಯ್ತು. ಇದು ಪೂರ್ತಿ ಬರ್ಲಿ."

ಬೀಗಿತ್ತಿ ಕಟಕಟೆಯಾಚೆ ಬಗ್ಗಿದರು. "ಕೈಯಲ್ಲಿ ಏನೋ ಇದೆಯಲ್ಲ. ನನ್ನ ಗ್ಲಾಸಾ ನೋಡೋ. ಸಿಕ್ತಾ?"

ಸಿಕ್ಕಿತ್ತು. ಕ್ಯಾಪ್ಟನ್ ಧಕ್ಕೆಯ ತುದಿಗೆ ಬಂದು, ಮಂಡಿ ಹಿಡಿದು ಬಗ್ಗಿ ನಿಂತು, ಏದುಸಿರು ಬಿಟ್ಟು, ಆಮೇಲೆ ನೆಟ್ಟಗಾಗಿ ಆ ಕಪ್ಪು ಕನ್ನಡಕವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಜನ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.

ಸಿಸ್ಟರಮ್ಮ ಮತ್ತು ಮಗಳು ಮೆಟ್ಟಿಲುಗಳನ್ನು ದಡದಡ ಇಳಿದು ಕೆಳಗಿನ ಕೌಂಟರಿಗೆ ಹೋದರು. ಅಲ್ಲಿದ್ದ ಬಿಳಿ ಅಂಗಿಯವನಿಗೆ ಇದು ದಿನನಿತ್ಯದ ಕೆಲಸ. ಏಣಿ ಎಳೆಯುವ ಮೊದಲೇ ರೂಮಿನ ಲಾಕರಿನಿಂದ ಕ್ಯಾಪ್ಟನ್ನಿನ ಪಾಸ್‌ಪೋರ್ಟ್ ತೆಗೆದು ಬಂದರಿನ ಏಜೆಂಟನ ಕೈಗೆ ಕೊಟ್ಟಾಗಿದೆ, ಏಜೆಂಟು ಅವರಿಗೆ ಇರಲು ಜಾಗ ಮಾಡಿಕೊಟ್ಟು, ನಾಳೆ ಕಾರಿನಲ್ಲಿ ಮುಂದಿನ ಬಂದರಿಗೆ ಕರೆದುಕೊಂಡು ಬರುತ್ತಾನೆ, ಗಾಬರಿಪಡುವಂಥದ್ದೇನೂ ಇಲ್ಲ ಎಂದು ಕಂಠಪಾಠ ಒಪ್ಪಿಸಿದ. ಗಾಬರಿ ಇಳಿಯಿತು. ಇಳಿದ ಮೇಲೆ ಉಳಿದದ್ದು ಏನೆಂದು ನೋಡಲು ಸಿಸ್ಟರಮ್ಮನಿಗೆ ಮನಸ್ಸಾಗಲಿಲ್ಲ. ಮಗಳು ಆಕೆಗೆ ಕಾಯದೆ ತನ್ನ ರೂಮಿಗೆ ಹೋದಳು.

ಸಂಜೆ ಅದೇ ಟೇಬಲ್. ಕ್ಯಾಪ್ಟನ್ನಿನ ಕುರ್ಚಿ ಖಾಲಿ. ಬಡಿಸುವವನು ಅಲ್ಲಿಯೂ ಕರವಸ್ತ್ರ ಮಡಚಿಟ್ಟು ಹೋದ. ಸೂಪು ಮುಗಿದ ಮೇಲೆ ಬೀಗಿತ್ತಿ ಗಂಟಲು ಸರಿಮಾಡಿಕೊಂಡರು.

"ಸಿಸ್ಟರ್, ಇನ್ನು ಎಳೆದಾಡೋದು ಬೇಡ. ನಾವು ಒಪ್ಪಿದೀವಿ. ನಿಜ ಹೇಳ್ಬೇಕಂದ್ರೆ ನಿಮ್ಮನ್ನ ನೋಡೇ ಒಪ್ಪಿದ್ದು. ಹುಡುಗಿ ನಿಮ್ಮ ಹಾಗೆ, ತಲೆ ಇದೆ. ಅಪ್ಪನ್ನ ಹೋಲ್ಲಿಲ್ವಲ್ಲ, ಅದೇ ಪುಣ್ಯ."

ಇಷ್ಟು ದಿನ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಬಂದಿತ್ತು. ಸಿಸ್ಟರಮ್ಮನಿಗೆ ಒಂದು ಗಳಿಗೆ ನಿಜವಾಗಿಯೂ ಸಂತೋಷವಾಯಿತು. ಮಗಳ ಕಡೆ ತಿರುಗಿದಳು. ಮಗಳು ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು.

"ಹಾಗಾದ್ರೆ ಈಗ ತೋರಿಸ್ಬಹುದು" ಎಂದು ಹುಡುಗ ಖುಷಿಯಿಂದ ಮೊಬೈಲ್ ತೆಗೆದು ನೀರಿನ ಲೋಟಕ್ಕೆ ಒರಗಿಸಿ ಇಟ್ಟ. "ಸಂಬಂಧ ಗಟ್ಟಿಯಾಗ್ಲಿ ಅಂತ ಕಾಯ್ತಾ ಇದ್ದೆ. ಅಂಕಲ್ಲು ಏನೂ ಅಂದ್ಕೊಳ್ಳಲ್ಲ, ಅವರು ಸ್ಪೋರ್ಟಿವ್."

ಧಕ್ಕೆ ಕಂಡಿತು. ಗೋದಾಮು ಕಂಡಿತು. ಅದರ ಹಿಂದಿನಿಂದ ಓಡಿಬರುವ ಮನುಷ್ಯ ಕಂಡ. ಎಲ್ಲ ಸದ್ದಿಗಿಂತ ಹತ್ತಿರದಲ್ಲಿ, ಎಲ್ಲ ಸದ್ದಿಗಿಂತ ಮೊದಲು, ಒಂದು ಹೆಂಗಸಿನ ದನಿ ಕೇಳಿಸಿತು: ಹೊಟ್ಟೆ ಆಗ್ಲೇ ಬಂದ್ಬಿಟ್ಟಿದೆ, ಆಸಾಮಿ ಇನ್ನೂ ಹಿಂದೆ ಬರ್ತಾ ಇದಾನೆ. ಆಮೇಲೆ ಕಟಕಟೆಯ ನಗು.

ಮಗಳು ಪೂರ್ತಿ ನೋಡಿದಳು. ಮುಗಿದ ಮೇಲೆ ಮೊಬೈಲನ್ನು ಮೆತ್ತಗೆ ಹುಡುಗನ ಕಡೆ ಸರಿಸಿದಳು.

"ಆಂಟಿ, ನೀವು ಒಪ್ಪಿದ್ರಿ, ಸಂತೋಷ. ನಾನು ಒಪ್ಪಿಲ್ಲ."

ಬೀಗಿತ್ತಿಯ ಫೋರ್ಕು ಗಾಳಿಯಲ್ಲೇ ನಿಂತಿತು. ಹುಡುಗ ಏನೋ ಹೇಳಲು ಹೊರಟ. ಸಿಸ್ಟರಮ್ಮ ಅವನಿಗಿಂತ ಮೊದಲು ಮಗಳ ಕೈ ಹಿಡಿದಳು.

"ಏನೇ ಇದು? ಹುಚ್ಚಾ ನಿನಗೆ? ಅವರು ಅಂತ ಗೊತ್ತಿರ್ಲಿಲ್ಲ ಕಣೇ. ತಮಾಷೆಗೆ ಅಂದೆ."

"ಗೊತ್ತಮ್ಮ" ಎಂದಳು ಮಗಳು. ದನಿ ಏರಲಿಲ್ಲ. "ನಮ್ಮನೇಲಿ ಎಲ್ಲಾ ತಮಾಷೆಗೇ. ದಿನಾ ತಮಾಷೆಗೇ. ಅಪ್ಪ ನಕ್ಕು ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಸುಮ್ನೆ ನಿಂತಿರ್ತಿದ್ರು. ನೀನು ನೋಡಿಲ್ಲ, ನಾನು ನೋಡಿದೀನಿ. ಇಂಥ ಮನೇಲಿ ಒಂದ್ಸಲ ಬೆಳೆದದ್ದು ಸಾಕು. ಇನ್ನೊಂದಕ್ಕೆ ಸೊಸೆಯಾಗಿ ಹೋಗಲ್ಲ."

ಕೈ ಬಿಡಿಸಿಕೊಂಡು ಎದ್ದು ಹೋದಳು. ಬೀಗಿತ್ತಿ ಮುಖ ಕೆಂಪಾಗಿಸಿಕೊಂಡು ಇಂಥ ಅಹಂಕಾರವನ್ನು ತಮ್ಮ ಜನ್ಮದಲ್ಲೇ ಕಂಡಿಲ್ಲವೆಂದರು, ಗಂಡನನ್ನು ತಿವಿದು ಎಬ್ಬಿಸಿದರು, ಮಗನನ್ನು ಎಳೆದುಕೊಂಡು ಹೊರಟರು. ಹುಡುಗ ಹೋಗುವಾಗ ಮರೆಯದೆ ಮೊಬೈಲ್ ತೆಗೆದುಕೊಂಡ. ದೊಡ್ಡ ಟೇಬಲಿನಲ್ಲಿ ಸಿಸ್ಟರಮ್ಮ ಒಬ್ಬಳೇ ಉಳಿದಳು. ವಾರ್ಡಿನಲ್ಲಿ ಯಾರಿಗೆ ಎಲ್ಲಿ ನೋವೆಂದು ಮುಖ ನೋಡಿ ಹೇಳುತ್ತಿದ್ದವಳಿಗೆ ಪಕ್ಕದ ಕುರ್ಚಿಯವನ ನೋವು ಕಂಡಿರಲಿಲ್ಲ. ಆಕೆಗೆ ತನ್ನ ಮೇಲೆ ಹೇಸಿಗೆಯಾಯಿತು.

ಹಡಗು ಇನ್ನೂ ದಡಕ್ಕೆ ಹತ್ತಿರದಲ್ಲೇ ಸಾಗುತ್ತಿತ್ತು, ಫೋನಿಗೆ ಸಿಗ್ನಲ್ ಇತ್ತು. ಅದು ಸದ್ದಾಯಿತು.

"ಏನೇ, ಊಟ ಆಯ್ತಾ?" ಎಂದರು ಕ್ಯಾಪ್ಟನ್. ದನಿಯಲ್ಲಿ ಉತ್ಸಾಹ ಚೂರೂ ಇಳಿದಿರಲಿಲ್ಲ. "ನನಗೆ ಇಲ್ಲಿ ರೂಮು ಕೊಟ್ಟಿದಾರೆ, ಕಿಟಕಿ ಇದೆ ಕಣೇ, ನಿಜವಾದ ಕಿಟಕಿ! ಮೇಡಂಗೆ ಹೇಳು, ಗ್ಲಾಸು ಜೋಪಾನವಾಗಿದೆ ಅಂತ. ಅಂದ ಹಾಗೆ, ನಾನು ಓಡಿದ್ದು ನೋಡಿದ್ಯಾ? ಮೇಲಿಂದ ಎಷ್ಟು ಜನ ಕೂಗ್ತಾ ಇದ್ರು! ಓಡು ಓಡು ಅಂತ ಏನು ಹುರಿದುಂಬಿಸಿದ್ರು ಅಂತೀಯಾ! ಗುರುತಿಲ್ಲ ಪರಿಚಯ ಇಲ್ಲ, ಎಷ್ಟು ಒಳ್ಳೇ ಜನ. ಅದಕ್ಕೇ ಅಷ್ಟು ದೂರ ಓಡಕ್ಕಾಯ್ತು ನನಗೆ."

ಸಿಸ್ಟರಮ್ಮ ಖಾಲಿ ಕುರ್ಚಿಯ ಮುಂದಿನ ಕರವಸ್ತ್ರವನ್ನು ತನ್ನ ಕಡೆ ಎಳೆದುಕೊಂಡಳು.

"ಕೇಳಿಸ್ತಾ ಇದ್ಯಾ? ನೀನೂ ಕೂಗಿದ್ಯಾ ಅಲ್ಲಿ?"

"ಹೂಂ ರೀ" ಎಂದಳು. "ಎಲ್ಲರಿಗಿಂತ ಮೊದಲು ಕೂಗಿದ್ದು ನಾನೇ."

ಆ ಕಡೆಯಿಂದ ಕ್ಯಾಪ್ಟನ್ ತುಂಬ ಸಂತೋಷಪಟ್ಟು ನಗುವುದು ಕೇಳಿಸಿತು.